ಹತ್ತಿರದವರು ಯಾರು?

ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಅತ್ತೆ ಬಚ್ಚಲಲ್ಲೇ ಕುಸಿದು ಬಿದ್ದದ್ದು ಪಂಕ್ಚರ್ ಅಂಗಡಿಯವನ ತಪ್ಪೇನಲ್ಲ. ಆದರೂ ಬೀದಿಯವರೆಲ್ಲ ಅವನನ್ನೇ ಗುರಾಯಿಸಿ ನೋಡಿದರು. ಹೆಂಡತಿ ಸತ್ತ ಮೇಲೆ ಆರು ವರ್ಷದಿಂದ ಅತ್ತೆಗೆ ಅನ್ನ ಬೇಯಿಸಿಕೊಟ್ಟು, ಕಾಲೊತ್ತಿ, ಮೇಲೆ ಬೈಗುಳವನ್ನೂ ತಿಂದವನು ಅವನೇ. ಸ್ವಂತ ಮಗ ಮೂರು ಬೀದಿ ಆಚೆ ಸೋಫಾ ಅಂಗಡಿ ಇಟ್ಟುಕೊಂಡು, ಅಮ್ಮನ ಮುಖ ನೋಡದೆ ಸುಖವಾಗಿದ್ದ.

"ಎದೆಬಡಿತ ತುಂಬಾ ಇಳಿದಿದೆ, ಪೇಸ್‌ಮೇಕರ್ ಹಾಕ್ಬೇಕು. ತಡ ಆದ್ರೆ ಉಳಿಯಲ್ಲ," ಎಂದರು ಆಸ್ಪತ್ರೆಯ ಡಾಕ್ಟರಮ್ಮ. "ನೀವು ಏನಾಗ್ಬೇಕು?"

"ಅಳಿಯ."

"ಅವರ ಮಗಳೆಲ್ಲಿ?"

"ತೀರಿಕೊಂಡ್ಲು."

"ಹಾಗಾದ್ರೆ ನಿಮ್ಮ ಒಪ್ಪಿಗೆ ನಡೆಯಲ್ಲ. ಹೊಟ್ಟೇಲಿ ಹುಟ್ಟಿದೋರು ಹೇಳ್ಬೇಕು."

ಅಳಿಯ ಅಲ್ಲ, ಮಗಳ ಗಂಡ ಅನ್ನುತ್ತಾರಲ್ಲ. ಇವನು ಈಗ ಎರಡೂ ಅಲ್ಲದವನಾಗಿ ಕಾರಿಡಾರಿನಲ್ಲಿ ನಿಂತ.

ಪಕ್ಕದ ಮನೆಯ ನಿವೃತ್ತ ಡ್ರಾಯಿಂಗ್ ಮಾಸ್ತರರು, ಬೀದಿಯ ಬಾಯಲ್ಲಿ ಸಲಹೆ ಮೇಷ್ಟ್ರು, ಕರೆಯದೆಯೇ ಜೊತೆಗೆ ಬಂದಿದ್ದರು. "ಮಗನ ಹತ್ರ ಹೋಗೋಣ ನಡಿ. ಮಾತು ನನಗೆ ಬಿಡು."

ಬಿಟ್ಟದ್ದೇ ತಪ್ಪಾಯಿತು. "ಹೆತ್ತವಳನ್ನ ಅಳಿಯನ ತಲೆಗೆ ಕಟ್ಟಿ ಮೆತ್ತನೆ ಸೋಫಾ ಮೇಲೆ ಕೂತಿದೀಯಲ್ಲ, ನಾಚಿಕೆ ಆಗಲ್ವಾ?" ಎಂದು ಮೇಷ್ಟ್ರು ಶುರು ಮಾಡಿದ್ದೇ ಉರಿಯೋ ಬೆಂಕಿಗೆ ತುಪ್ಪ ಸುರಿದಂತಾಯಿತು.

ಮಗ ಸುತ್ತಿಗೆ ಎಸೆದ. "ಸಾಕಿದೋರೇ ಉಳಿಸ್ಕೊಳ್ಳಲಿ."

ಅಳಿಯ ಮೇಷ್ಟ್ರನ್ನು ಹಿಂದಕ್ಕೆ ಸರಿಸಿದ. ಬೈದರೂ ಸರಿ, ಮನೆಯಲ್ಲಿ ಇನ್ನೊಂದು ದನಿ ಅಂತ ಇದ್ದದ್ದು ಆ ಮುದುಕಿಯದೊಂದೇ. ಕೈ ಮುಗಿದ. "ಭಾವ, ಬಂದು ಹೂಂ ಅಂದ್ರೆ ಸಾಕು. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ."

ಮಗ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಎದೆಯುಬ್ಬಿಸಿ "ಹೂಂ" ಅಂದ. ಕರುಳ ಸಂಬಂಧ ಎಂದರೆ ಇದು ಎಂದು ಮೇಷ್ಟ್ರು ವಾರ್ಡಿಗೆಲ್ಲ ಸಾರಿದರು. ಔಷಧಿಗೆ, ರಕ್ತಕ್ಕೆ, ಸ್ಟ್ರೆಚರಿಗೆ ಓಡಿದವನು ಅಳಿಯ.

ಪೇಸ್‌ಮೇಕರ್ ಕೂರಿಸಿದ ಮೇಲೆ ಸಂಜೆ ಅತ್ತೆ ಕಣ್ಣು ಬಿಟ್ಟರು. ಅಳಿಯ ಚಮಚದಲ್ಲಿ ನೀರು ಹಿಡಿದ. ಯಾರು ಒಪ್ಪಿಗೆ ಕೊಟ್ಟದ್ದೆಂದು ಅವರು ಕೇಳಿದಾಗ ನರ್ಸ್ ಮಗನನ್ನು ತೋರಿಸಿದಳು. ಚಮಚ ಪಕ್ಕಕ್ಕೆ ಸರಿಯಿತು.

"ಕೊನೆಗೂ ಕಷ್ಟಕ್ಕೆ ನನ್ನ ಮಗಾನೇ ಆದ," ಎಂದು ಅತ್ತೆ ಮಗನ ಕೈ ಹಿಡಿದು ಅತ್ತರು. "ಇನ್ಮೇಲೆ ಇವನ ಮನೇಲೇ ಇರ್ತೀನಿ. ಅಳಿಯಂದಿರೇ, ನನ್ನ ಬಟ್ಟೆಬರೆ ಅಲ್ಲಿಗೇ ಕಳಿಸಿಬಿಡಿ."

ಅಳಿಯನ ಹೊಟ್ಟೆ ಉರಿಯಿತು. ಅದರ ಬೆನ್ನಿಗೇ, ಇನ್ನಾದರೂ ರಾತ್ರಿ ನಿದ್ದೆ ಮಾಡಬಹುದಲ್ಲ ಎಂದು ಮೈ ಹಗುರವೂ ಆಯಿತು.

ಮಗನ ಮುಖ ಮಾತ್ರ ಸುಣ್ಣವಾಗಿತ್ತು. ಮೆಲ್ಲಗೆ ಕೈ ಬಿಡಿಸಿಕೊಂಡ. "ಡಾಕ್ಟ್ರೇ, ಅಮ್ಮ ಏನೇನೋ ಬಡಬಡಿಸ್ತಿದಾರೆ. ಪೂರ್ತಿ ಎಚ್ಚರ ಆಗಿಲ್ಲ ಅನ್ಸುತ್ತೆ. ಅಲ್ಲೀವರೆಗೆ ತೀರ್ಮಾನ ಯಾರದು?"

ಡಾಕ್ಟರಮ್ಮ ಆಗಲೇ ಮುಂದಿನ ಹಾಸಿಗೆಯತ್ತ ತಿರುಗಿದ್ದರು. "ಮಗ ಅಲ್ವಾ, ನಿಮ್ಮದೇ."

"ಹಾಗಾದ್ರೆ ಭಾವನ ಮನೇಲೇ ಇರ್ಲಿ."

ಅತ್ತೆ ಗೋಡೆ ಕಡೆ ಮುಖ ತಿರುಗಿಸಿಕೊಂಡರು. ಅಳಿಯ ಡಾಕ್ಟರಮ್ಮನ ಹಿಂದೆ ಹೋದ. "ಡಾಕ್ಟ್ರೇ, ನನ್ನನ್ನೂ ಒಂದು ಮಾತು ಕೇಳ್ಬೇಕಲ್ವಾ?"

"ಇದಕ್ಕೆ ಒಪ್ಪಿಗೆ ಯಾಕ್ರೀ?" ಎಂದರು ಡಾಕ್ಟರಮ್ಮ. "ಮನೆಗೆ ಕರ್ಕೊಂಡು ಹೋಗೋಕೆ ಯಾರಾದ್ರೂ ನಡೆಯುತ್ತೆ."