ಹನ್ನೊಂದರ ಹುಡುಗಿಗೊಂದು ಅಂಗಿ

ಹುಟ್ಟಿದ ಕೂಸಿಗೆ ಬಟ್ಟೆ ತರುವುದು ಸುಲಭ. ಕೂಸು ಬೇಡವೆನ್ನುವುದಿಲ್ಲ, ಹೆಚ್ಚೆಂದರೆ ಅದರ ಮೇಲೆ ಕಕ್ಕಿ ತನ್ನ ಅಭಿಪ್ರಾಯ ತಿಳಿಸುತ್ತದೆ. ಮದುಮಗಳಿಗೆ ಸೀರೆ ತರುವುದೂ ಒಂದು ರೀತಿಯಲ್ಲಿ ಸುಲಭವೇ. ಇಡೀ ಬಳಗ ಗಾಡಿ ಮಾಡಿಕೊಂಡು ಹೋಗುತ್ತದೆ, ಒಬ್ಬೊಬ್ಬರು ಒಂದೊಂದು ಬಣ್ಣ ಹೇಳುತ್ತಾರೆ, ಕೊನೆಗೆ ಯಾರೂ ಹೇಳದ ಬಣ್ಣದ ಸೀರೆ ಮನೆಗೆ ಬರುತ್ತದೆ, ಎಲ್ಲರೂ ಅದು ತಮ್ಮದೇ ಆಯ್ಕೆ ಎನ್ನುತ್ತಾರೆ. ಕಷ್ಟವಿರುವುದು ಇವೆರಡರ ನಡುವೆ, ಹನ್ನೊಂದು ವರ್ಷದ ಹುಡುಗಿಗೆ ಒಂದು ಅಂಗಿ ತರುವುದರಲ್ಲಿ. ಕೊಪ್ಪಳಕ್ಕೆ ಅಂಟಿಕೊಂಡ ಭಾಗ್ಯನಗರದ ನಮ್ಮ ಮನೆಯಲ್ಲಿ ಆ ವಯಸ್ಸಿನವಳು ಒಬ್ಬಳಿದ್ದಾಳೆ. ನನ್ನ ಮಗಳು, ಹೆಸರು ಪಲ್ಲವಿ. ಅವಳ ದೆಸೆಯಿಂದ ನಾನು ಈ ಶಾಸ್ತ್ರದಲ್ಲಿ ಪಂಡಿತನಾಗಬೇಕಿತ್ತು. ಆಗಲಿಲ್ಲ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ.

ನಮ್ಮ ಕಾಲದಲ್ಲಿ ಇಂಥ ತಾಪತ್ರಯ ಇರಲಿಲ್ಲ. ಯಲಬುರ್ಗಾದ ನಮ್ಮ ಅಜ್ಜ ವರ್ಷಕ್ಕೊಮ್ಮೆ ಗಂಗಾವತಿಗೆ ಹೋಗಿ ಒಂದೇ ತಾನು ಬಟ್ಟೆ ತರುತ್ತಿದ್ದ. ಅದರಲ್ಲೇ ನಮಗೆ ಅಂಗಿ, ನಮ್ಮ ಅಕ್ಕತಂಗಿಯರಿಗೆ ಪರಕಾರ ಎಂಬ ಲಂಗ, ಉಳಿದದ್ದರಲ್ಲಿ ದಿಂಬಿನ ಚೀಲ. ರಾತ್ರಿ ಎಲ್ಲರೂ ಮಲಗಿದರೆ ಹುಡುಗರು ಎಲ್ಲಿ ಮುಗಿದರು, ದಿಂಬು ಎಲ್ಲಿ ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ. ಅದು ಚಂದವಾಗಿತ್ತು ಎಂದು ನಾನು ಹೇಳಲಾರೆ. ಶಾಲೆಯಲ್ಲಿ ನನ್ನ ಅಂಗಿಯನ್ನೂ ನಮ್ಮಕ್ಕನ ಪರಕಾರವನ್ನೂ ಒಟ್ಟಿಗೆ ನೋಡಿದವರು ನಕ್ಕದ್ದು ಈಗಲೂ ನೆನಪಿದೆ. ಆದರೆ ಅಜ್ಜನ ಆ ಬಟ್ಟೆಗೆ ಒಂದು ಗುಣವಿತ್ತು. ಒಬ್ಬೊಬ್ಬರೇ ಹೋದರೆ ತೊಟ್ಟವರನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ.

ಪಲ್ಲವಿಯ ವಿಷಯ ಕೆಟ್ಟದ್ದು ಗಂಗಾವತಿಯ ಒಂದು ಲಗ್ನದಲ್ಲಿ. ನಮ್ಮ ಕಡೆ ಲಗ್ನದಲ್ಲಿ ಬೀಗರು ಬಿಜ್ಜರು ಒಬ್ಬರಿಗೊಬ್ಬರು ಬಟ್ಟೆ ಕೊಡುತ್ತಾರೆ, ಅದಕ್ಕೆ ಆಯೇರಿ ಎನ್ನುತ್ತೇವೆ. ಕೊಟ್ಟದ್ದನ್ನು ಅಲ್ಲೇ ಉಟ್ಟು ತೋರಿಸಬೇಕು, ಇಲ್ಲದಿದ್ದರೆ ಕೊಟ್ಟವರ ಮುಖ ಊದಿಕೊಳ್ಳುತ್ತದೆ. ಹುಲಿಹೈದರದಲ್ಲಿರುವ ನನ್ನ ಹೆಂಡತಿಯ ಅಣ್ಣ ಸೋದರಸೊಸೆಗೆಂದು ಪ್ರೀತಿಯಿಂದ ಒಂದು ಗೌನು ತಂದಿದ್ದರು. ಅಂಗಡಿಯಲ್ಲಿ ಅಳತೆ ಕೇಳಿದಾಗ ಅವರು ನಮ್ಮ ಕಡೆಯ ಎಲ್ಲ ಗಂಡಸರಂತೆ "ಆರನೇತ್ತಾ ಹುಡುಗಿಗೆ" ಎಂದು ಕ್ಲಾಸು ಹೇಳಿದ್ದರು. ಸಾಲದ್ದಕ್ಕೆ, "ಬೆಳಿಯೋ ಹುಡುಗಿ ಐತಿ, ಒಂಚೂರು ದೊಡ್ಡದೇ ಕೊಡ್ರಿ" ಎಂದೂ ಸೇರಿಸಿದ್ದರು. ಅದರ ಪ್ರಕಾರ ಬಂದದ್ದು ಗುಲಾಬಿ ಬಣ್ಣದ, ಹರಳು ತುಂಬಿದ, ಬೆನ್ನ ಮೇಲೆ ಬರೀ ಲಾಡಿ ಇದ್ದ, ಒಂಬತ್ತನೇತ್ತಾ ಹುಡುಗಿಗೆ ಸರಿಹೊಂದುವ ಗೌನು. ಒಂಬತ್ತನೇತ್ತಾ ಹುಡುಗಿಯೂ ಅದನ್ನು ಹಾಕಿಕೊಳ್ಳುತ್ತಿದ್ದಳೋ ಇಲ್ಲವೋ ಬೇರೆ ಮಾತು.

ಲಗ್ನಕ್ಕೆ ಬಂದಿದ್ದ ಹೆಂಗಸರ ಬಳಿ ಇದ್ದ ಸೇಫ್ಟಿ ಪಿನ್ನುಗಳೆಲ್ಲ ಕೂಡಿ ಆ ಗೌನನ್ನು ಪಲ್ಲವಿಯ ಮೈಗೆ ಹಿಡಿಸಿದವು. ಪ್ರತಿ ಲಗ್ನದಲ್ಲೂ ಹುಡುಗರ ದಂಡು ಕಟ್ಟಿಕೊಂಡು ಹಂದರದ ತುಂಬ ಓಡುತ್ತಿದ್ದ ಹುಡುಗಿ ಅವತ್ತು ಕುರ್ಚಿಯ ಮೇಲೆ ಕೂತವಳು ಏಳಲಿಲ್ಲ. ಕತ್ತಿನ ಭಾಗ ಜಾರುತ್ತಿತ್ತು. ಹಾದುಹೋಗುವ ಒಬ್ಬೊಬ್ಬ ಅತ್ತೆ, ಚಿಗವ್ವ, ದೊಡ್ಡವ್ವ ನಿಂತು, "ಸರಿ ಮಾಡ್ಕೋವಾ" ಎಂದು ಜಗ್ಗಿ ಹೋಗುತ್ತಿದ್ದರು. ಒಬ್ಬರಂತೂ ಕೆಳಗಿನಿಂದ ಮೇಲಿನವರೆಗೆ ನೋಡಿ, "ಏನವಾ, ದೊಡ್ಡಾಕಿ ಆಗೇಬಿಟ್ಟಿಯಲ್ಲ" ಎಂದರು. ಅದು ಮೆಚ್ಚುಗೆಯೋ ದೂರೋ ನನಗೇ ತಿಳಿಯಲಿಲ್ಲ. ಹುಡುಗಿಗೆ ಹೇಗೆ ತಿಳಿಯಬೇಕು. ಬಂದವರೆಲ್ಲ ಸೇರಿ ನನ್ನ ಮಗಳನ್ನು ತಿದ್ದುತ್ತಿದ್ದಾರೆ, ನಾನು ಹೋಳಿಗೆ ತಿನ್ನುತ್ತ ಕೂತಿದ್ದೇನೆ ಅನ್ನಿಸಿ, ಎರಡನೆಯ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಮೂರನೆಯದು ಇಳಿಯಿತು, ಅದು ಬೇರೆ.

ಮನೆಗೆ ಬಂದ ಮೇಲೆ ಅವಳು ಒಂದೇ ಮಾತು ಹೇಳಿದಳು: "ಇನ್ನಮ್ಯಾಲೆ ಯಾರ ಮನಿ ಕಾರ್ಯಕ್ಕೂ ನಾ ಬರಂಗಿಲ್ಲ."

ಹುಡುಗಾಟದ ಮಾತು ಎಂದುಕೊಂಡೆವು. ಆಮೇಲೆ ಹೇಮಗುಡ್ಡಕ್ಕೆ ನೆಂಟರ ಕಾರ್ಯಕ್ಕೆ ಹೊರಟಾಗ ತಲೆನೋವೆಂದಳು, ಓಣಿಯ ತೊಟ್ಟಿಲ ಕಾರ್ಯಕ್ಕೆ ಕರೆದಾಗ ಓದುವುದಿದೆ ಎಂದಳು. ಓದುವುದಿದೆ ಎಂದಾಗ ಮಾತ್ರ ನನಗೆ ನಿಜವಾಗಿ ಭಯವಾಯಿತು. ಅಷ್ಟರಲ್ಲಿ ಕುಷ್ಟಗಿಯಿಂದ ನಮ್ಮಕ್ಕನ ಫೋನು ಬಂತು, ಹೊಸ ಮನೆಯ ವಾಸ್ತುಶಾಂತಿ ಇಟ್ಟುಕೊಂಡಿದ್ದಾರೆ. "ಪಲ್ಲವಿ ಇಲ್ದ ನೀವ್ಯಾರೂ ಬರಬ್ಯಾಡ್ರಿ" ಎಂದಳು ಅಕ್ಕ. ಪಲ್ಲವಿ ಬರುವುದಿಲ್ಲವೆಂದು ತಲೆಯಾಡಿಸಿಬಿಟ್ಟಳು. ಸೋದರತ್ತೆಯೆಂದರೆ ಪ್ರಾಣ ಬಿಡುವ ಹುಡುಗಿ. ಈ ಸಲ ಅವಳು ಮನೆಯಲ್ಲೇ ಉಳಿದರೆ ಗಂಗಾವತಿಯ ಆ ಕುರ್ಚಿಯಿಂದ ಇನ್ನು ಏಳುವುದೇ ಇಲ್ಲವೇನೋ ಅನ್ನಿಸಿತು ನನಗೆ.

ಸರಿ, ಹೊಸ ಅಂಗಿ ತರೋಣ ಎಂದೆ. ಅಲ್ಲಿಗೆ ಮನೆಯಲ್ಲಿ ಎರಡು ಪಕ್ಷಗಳಾದವು. ನಮ್ಮವ್ವ, "ಹುಡುಗಿ ಎತ್ತರ ಆಗಾಕ ಹತ್ಯಾಳ, ಮೊಣಕಾಲು ಕಾಣೂ ಅಂಗಿ ಇನ್ನ ಸಾಕು" ಎಂದಳು. ನನ್ನ ಹೆಂಡತಿ ಶಾರದಾ, "ಅತ್ತೀ, ಆಕಿ ಇನ್ನೂ ಆಡೂ ಹುಡುಗಿ. ಈಗಿಂದನ ಮೈ ಮುಚ್ಕೊಂಡು ಮೂಲ್ಯಾಗ ಕುಂದ್ರು ಅನ್ನೋಣೇನ್ರಿ" ಎಂದಳು. ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದೆ. ಇಬ್ಬರೂ ನನ್ನ ಮೇಲೆ ಸಿಟ್ಟಾದರು.

ಅವ್ವನನ್ನು ಮನೆಯಲ್ಲಿ ಬಿಟ್ಟು ನಾವು ಮೂವರು ಹೋದ ಕೊಪ್ಪಳದ ದೊಡ್ಡ ಬಟ್ಟೆ ಅಂಗಡಿಯಲ್ಲಿ ಮೊದಲ ಮಹಡಿ ಮಕ್ಕಳದು, ಎರಡನೆಯದು ಹೆಂಗಸರದು. ಮಕ್ಕಳ ಮಹಡಿಯಲ್ಲಿದ್ದ ಹುಡುಗಿ, "ಎಷ್ಟನೇತ್ತಾ ಅದಾರ್ರಿ ಪಾಪು?" ಎಂದಳು. ಆರನೇತ್ತಾ ಎಂದದ್ದೇ, "ಹಂಗಾರ ಮ್ಯಾಲೆ ಹೋಗ್ರಿ" ಎಂದು ಕೈ ತೋರಿಸಿದಳು. ಅವಳ ಮಹಡಿಯಲ್ಲಿ ಕಂಡವೆಲ್ಲ ಎದೆಯ ಮೇಲೆ ಕರಡಿ, ಬಲೂನು ಇದ್ದ ಪುಟ್ಟ ಫ್ರಾಕುಗಳು. ಮೇಲೆ ಹೋದರೆ ಎಲ್ಲ ಮದುವೆಗೆ ನಿಂತವರ ಬಟ್ಟೆಗಳು. ಅಲ್ಲಿಯವಳು ಪಲ್ಲವಿಯನ್ನು ನೋಡಿ, "ಇಷ್ಟು ಸಣ್ಣ ಅಳತಿ ನಮ್ಮಲ್ಲಿಲ್ರಿ, ಕೆಳಗ ಕೇಳ್ರಿ" ಎಂದಳು. ಹೀಗೆ ನಾವು ಹತ್ತಿ ಇಳಿದು, ಇಳಿದು ಹತ್ತಿ, ಹನ್ನೊಂದು ವರ್ಷದವರ ಬಟ್ಟೆಯನ್ನು ಬಹುಶಃ ಮೆಟ್ಟಿಲ ಮೇಲೆ ಇಟ್ಟಿರಬೇಕು ಎಂಬ ತೀರ್ಮಾನಕ್ಕೆ ಬಂದೆವು. ಕೊನೆಗೆ ಮೇಲಿನವಳು ಕರುಣೆಯಿಂದ ಭುಜವಿಲ್ಲದ ಒಂದು ಮಿಂಚಿನ ಗೌನು ಹಿಡಿದು, "ಇದನ್ನ ಹಾಕಿದ್ರ ಥೇಟ್ ಹೀರೋಯಿನ್ ಆಗ್ತಾರ್ರಿ" ಎಂದಳು.

"ಹೀರೋಯಿನ್ ಮನಿಗೆ ಹೋಗಿ ಗಣಿತ ಹೋಂವರ್ಕ್ ಮಾಡಬೇಕವಾ" ಎಂದಳು ಶಾರದಾ.

ನಾನೂ ಸುಮ್ಮನಿರಲಿಲ್ಲ. ತುಂಬುತೋಳಿನ, ಕಾಲರಿನ, ಹಿಮ್ಮಡಿ ಮುಟ್ಟುವ, ಬೂದಿ ಬಣ್ಣದ ಒಂದು ಉಡುಪನ್ನು ಹುಡುಕಿ ತೆಗೆದೆ. ಪಲ್ಲವಿ ಅದನ್ನು ನೋಡಿ, "ಅಪ್ಪಾ, ಇದನ್ನ ನಮ್ಮ ಹೆಡ್ ಮೇಡಂ ಹಾಕ್ಕೋತಾರ" ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಮಾಡಲು ಬೇರೆ ಕೆಲಸವಿಲ್ಲದೆ ಕೇಳಿದೆ: "ನಿನಗ ಎಂಥದ್ದು ಬೇಕವಾ?"

ಅವಳು ನನ್ನ ಮುಖ ನೋಡಿದಳು. ಈ ಪ್ರಶ್ನೆಯನ್ನು ಇಷ್ಟು ದಿನ ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಯಾರೂ ಕೇಳಿರಲಿಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿರಬೇಕು.

"ಓಡಾಕ ಬರಬೇಕು. ಕುಂದ್ರಾಕ ಬರಬೇಕು" ಎಂದಳು. ಆಮೇಲೆ, "ಯಾರೂ ಬಂದು ಜಗ್ಗಿ ಸರಿ ಮಾಡಬಾರದು" ಎಂದಳು.

ವಯಸ್ಸಿಗೆ ಒಪ್ಪುವ ಬಟ್ಟೆ ಯಾವುದು ಎಂದು ನಾವು ಮನೆಯಲ್ಲಿ ಗಂಟಲು ಹರಿದುಕೊಂಡಿದ್ದೆವು. ಅವ್ವನಿಗೆ ನೋಡುವವರ ಕಣ್ಣಿನ ಚಿಂತೆ, ಅಂಗಡಿಯವಳಿಗೂ ಅದೇ ಕಣ್ಣಿನ ಚಿಂತೆ. ಒಬ್ಬಳು ಆ ಕಣ್ಣಿಂದ ಮುಚ್ಚಬೇಕು ಎನ್ನುವವಳು, ಇನ್ನೊಬ್ಬಳು ಆ ಕಣ್ಣಿಗೆ ತೋರಿಸಬೇಕು ಎನ್ನುವವಳು. ಒಳಗಿರುವ ಹುಡುಗಿಯ ಕಾಲಿಗೆ, ತೋಳಿಗೆ ಏನು ಬೇಕು ಎಂಬುದು ಯಾವ ಪಕ್ಷಕ್ಕೂ ಸೇರದೆ ಮೆಟ್ಟಿಲ ಮೇಲೆ ಕೂತಿತ್ತು.

"ಹಂಗಾರ ನೀನ ಹುಡುಕು" ಎಂದೆ.

ಮಕ್ಕಳ ಮಹಡಿಯ ಒಂದು ರಾಶಿಯ ತಳದಿಂದ ಅವಳು ಕುಂಕುಮ ಬಣ್ಣದ ನೂಲಿನ ಕುರ್ತಾ, ಸಡಿಲ ಪೈಜಾಮ ಎಳೆದಳು. "ಅದು ಕಾರ್ಯಕ್ಕಲ್ರಿ, ಮನ್ಯಾಗ ಹಾಕ್ಕೊಳ್ಳೂದು" ಎಂದು ಅಂಗಡಿಯ ಹುಡುಗಿ ಸಂಕೋಚಪಟ್ಟಳು. ಪಲ್ಲವಿ ಅದನ್ನು ಹಾಕಿಕೊಂಡು ಬಂದವಳು ಕನ್ನಡಿಯ ಕಡೆ ಹೋಗಲೇ ಇಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು, ಎದ್ದಳು, ಬಗ್ಗಿದಳು, ಎರಡೂ ಕೈ ಮೇಲೆತ್ತಿದಳು, ಕರಡಿ ಫ್ರಾಕುಗಳ ಸಾಲಿನ ಆ ತುದಿಗೆ ಓಡಿ ಈ ತುದಿಗೆ ಬಂದಳು. ಏದುಸಿರಿನಲ್ಲಿ, "ಪಾಸು" ಎಂದಳು.

ಶಾರದಾ ನನ್ನ ಕಿವಿಯಲ್ಲಿ, "ಭಾಳ ಸಾದಾ ಆತಲ್ರೀ, ಮಂದಿ ಏನಂತಾರ" ಎಂದಳು. ಅವಳನ್ನು ಸಮಾಧಾನ ಮಾಡಿದ್ದು ನಾನಲ್ಲ, ನಮ್ಮವ್ವ. ಮನೆಗೆ ಬಂದ ಮೇಲೆ ಕುರ್ತಾ ತೊಟ್ಟು ಕುಣಿಯುತ್ತಿದ್ದ ಮೊಮ್ಮಗಳನ್ನು ಬಹಳ ಹೊತ್ತು ನೋಡಿ, "ಅಂಗಿ ಏನ್ ನೋಡ್ತಿ, ಆಕಿ ಮಾರಿ ನೋಡು. ಹಿಂಗ ನಕ್ಕು ಎಷ್ಟ್ ದಿನಾ ಆಗಿತ್ತು" ಎಂದಳು.

ನನ್ನದೂ ಒಂದು ಖರೀದಿ ಅದೇ ಅಂಗಡಿಯಲ್ಲಿ ಆಗಿತ್ತು. ನೆಲಮಹಡಿಯಲ್ಲಿ ಗಂಡಸರ ವಿಭಾಗ. ಬಿಗಿಯಾದ ಒಂದು ನೀಲಿ ಪ್ಯಾಂಟಿನ ಮೇಲೆ ಕೈಯಿಟ್ಟೆ. ಅಲ್ಲಿಯವನು, "ಸರ್, ನಿಮ್ಮ ವಯಸ್ಸಿನವ್ರದು ಆ ಕಡಿ ಅವ ನೋಡ್ರಿ" ಎಂದು ದೂರದ ಮೂಲೆ ತೋರಿಸಿದ. ವಾರಗಟ್ಟಲೆ ವಯಸ್ಸು, ವಯಸ್ಸು ಎಂದು ಉಪನ್ಯಾಸ ಮಾಡಿದ್ದ ನನಗೆ ಆ ಮಾತು ಎದೆಗೆ ನಾಟಿತು. ಆ ಬಿಗಿ ಪ್ಯಾಂಟನ್ನೇ ಕಟ್ಟಿಸಿದೆ. "ಅಪ್ಪಾ, ಒಮ್ಮೆ ಕುಂತು ನೋಡು" ಎಂದಳು ಪಲ್ಲವಿ. ನಾನೇನು ಸಣ್ಣ ಹುಡುಗನೇ.

ಕುಷ್ಟಗಿಯಲ್ಲಿ ಪಲ್ಲವಿ ಕಾರಿನಿಂದ ಇಳಿದವಳು ಕೈಗೆ ಸಿಗಲಿಲ್ಲ. ಹೊಸ ಮನೆಯ ಮಾಳಿಗೆ, ಅಂಗಳ, ಮರಳಿನ ಗುಡ್ಡೆ, ಎಲ್ಲ ಕಡೆ ಕುಂಕುಮ ಬಣ್ಣ ಓಡುತ್ತಿತ್ತು. ಯಾವ ಅತ್ತೆಯೂ ಅವಳನ್ನು ಹಿಡಿದು ಸರಿ ಮಾಡಲಿಲ್ಲ. ಊಟಕ್ಕೆ ನೆಲದ ಪಂಕ್ತಿ. ಮೊದಲ ಪಂಕ್ತಿಗೆ ಕೂರಲು ಮೊಣಕಾಲು ಮಡಚಿದೆ. ತೊಟ್ಟಿದ್ದ ಬಿಗಿ ಪ್ಯಾಂಟಿನ ಹೊಲಿಗೆಯಿಂದ ಒಂದು ಸಣ್ಣ ಎಚ್ಚರಿಕೆಯ ಸದ್ದು ಬಂತು. ನೆಟ್ಟಗೆ ನಿಂತು, ಬಡಿಸುತ್ತಿದ್ದವನ ಕೈಯಿಂದ ಹೋಳಿಗೆಯ ಬುಟ್ಟಿ ಇಸಿದುಕೊಂಡೆ. ಎರಡನೆಯ ಪಂಕ್ತಿಗೆ ಕಟ್ಟಿನ ಸಾರು, ಮೂರನೆಯದಕ್ಕೆ ಅನ್ನ, ಹೀಗೆ ಬಡಿಸುತ್ತಲೇ ಹೋದೆ.

ಕೊನೆಯ ಪಂಕ್ತಿ ಏಳುವಾಗ ನಮ್ಮಕ್ಕ ಕಣ್ಣಲ್ಲಿ ನೀರು ತಂದುಕೊಂಡು ಎಲ್ಲರಿಗೂ ಕೇಳುವಂತೆ, "ನೋಡ್ರಿ ನಮ್ಮ ತಮ್ಮನ್ನ, ಮುಂಜಾನಿಂದ ಒಂದ್ ಗಳಿಗಿ ಕುಂತಿಲ್ಲ" ಎಂದಳು.

ಬಾಯ್ತುಂಬ ಹೋಳಿಗೆ ಇಟ್ಟುಕೊಂಡು, ಚಕ್ಕಳಮಕ್ಕಳ ಹಾಕಿ ಕೂತಿದ್ದ ಪಲ್ಲವಿ ಕೆಳಗಿನಿಂದ ನನ್ನನ್ನು ನೋಡಿದಳು.

"ಅತ್ತೀ, ಅಪ್ಪಗ ಅಲ್ಲೊಂದು ಕುರ್ಚಿ ಹಾಕಿಸಿಕೊಡ್ರಿ" ಎಂದಳು.