ಮೂರು ಮಿಷನ್ನು, ಜೊತೆಗೊಂದು ಕಲ್ಲು

ಬೇರೆಯವರ ಆಫೀಸಿನಲ್ಲಿ ಮಿಷನ್ ಕೆಟ್ಟರೆ ಮಿಷನ್ ಕೆಡುತ್ತೆ, ಅಷ್ಟೇ. ನಾನಿರೋ ಕಡೆ ಅದರ ಜೊತೆ ಒಂದು ಕಥೆಯೂ ಆಗುತ್ತೆ. ಧೈರ್ಯ ಜಾಸ್ತಿ ಇರೋರನ್ನೇ ಇವು ಹುಡುಕ್ಕೊಂಡು ಬರ್ತವೇನೋ. ಹೋದ ಮಳೆಗಾಲದಲ್ಲಿ ಒಂದೇ ವಾರ ಇಷ್ಟೆಲ್ಲ ಆಯ್ತು.

ನನ್ನ ಬಾಯಿ

ಬ್ಯಾಟರಾಯನಪುರದಲ್ಲಿ ಒಂದು ಮನೆಯ ಕೆಳಗಿನ ಭಾಗವೇ ನಮ್ಮ ಆಫೀಸು. ಕಂಪ್ಯೂಟರಿನಲ್ಲಿ ನಕ್ಷೆ ಮಾಡಿಕೊಡೋದು ಕೆಲಸ. ಯಲಹಂಕ ಕಡೆಯ ಬಿಲ್ಡರ್ ಒಬ್ಬರು ಬಂದು, ತಮ್ಮ ಲೇಔಟುಗಳ ಸೈಟೆಲ್ಲ ಜನಕ್ಕೆ ಫೋನಿನಲ್ಲೇ ಕಾಣೋ ಹಾಗೆ ಮ್ಯಾಪ್ ಬೇಕು ಅಂದರು. "ಮಿಷನ್ ಕೆಟ್ಟು ಮ್ಯಾಪ್ ಮಾಯ ಆದ್ರೆ?" ಅಂತ ಕೇಳಿದರು. ಬಾಸ್ ಗಂಟಲು ಸರಿಮಾಡಿಕೊಳ್ಳೋ ಅಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

"ಒಂದಲ್ಲ ಸಾರ್, ಮೂರು ಮಿಷನ್ ಜೋಡಿಸ್ತೀನಿ. ನಿಮ್ ಡೇಟಾ ಮೂರರಲ್ಲೂ ಇರುತ್ತೆ. ಯಾವುದಾದ್ರೂ ಒಂದು ಸತ್ರೂ ಉಳಿದೆರಡು ಹೊತ್ಕೊಂಡು ಹೋಗ್ತವೆ. ಬೇಕಾದ್ರೆ ನೀವೇ ಬಂದು ಆಫ್ ಮಾಡಿ ನೋಡಿ!"

"ಶುಕ್ರವಾರ ಬರ್ತೀನಿ," ಅಂದು ಹೋದರು.

ಬಾಸ್ ನನ್ನ ಕಡೆ ತಿರುಗಿದರು. "ಇದನ್ನ ಮುಂಚೆ ಮಾಡಿದೀಯೇನಪ್ಪಾ?"

"ಇಲ್ಲ ಸಾರ್. ಆದ್ರೆ ನಮ್ಮೂರು ಮಾಕಳೀಲಿ ಟ್ರಾಕ್ಟರನ್ನ ಪೂರ್ತಿ ಬಿಚ್ಚಿ ಜೋಡಿಸಿದೀನಿ."

"ಸರಿ. ನೀನಿನ್ನೂ ಪ್ರೊಬೇಷನ್ನಲ್ಲಿದೀಯ, ನೆನಪಿರ್ಲಿ. ಶುಕ್ರವಾರ ಮ್ಯಾಪ್ ಉಳಿದ್ರೆ ನೀನೂ ಉಳೀತೀಯ. ಹೋದ್ರೆ, ಟ್ರಾಕ್ಟರ್ ಇದ್ದೇ ಇದೆ."

ಒಂದೇ ಹೆಸರು

ಮೂರಕ್ಕೂ ಒಂದೊಂದಾಗಿ ಸಾಫ್ಟ್‌ವೇರ್ ಹಾಕ್ತಾ ಕೂರೋಕೆ ನನಗೇನು ಹುಚ್ಚೇ? ಒಂದಕ್ಕೆ ಹಾಕಿ, ಅದನ್ನೇ ಇನ್ನೆರಡಕ್ಕೆ ಹಾಗೇ ಕಾಪಿ ಹೊಡೆದೆ. ಜೋಡಿಸಿದರೆ ಒಂದು ಇನ್ನೊಂದನ್ನ ಮಾತಾಡಿಸಲೇ ಇಲ್ಲ. ಹೊರಗೆ ಮೀಸೆ ತಿರುವ್ತಾ ಇದ್ದೆ, ಒಳಗೆ ಊಟ ಇಳೀತಿರಲಿಲ್ಲ. ಕೊನೆಗೆ ಟೆಸ್ಟಿಂಗ್ ಮಾಡೋ ಮೇಡಂ ಬಂದು ಇಣುಕಿದರು.

"ಗುರುವೇ, ಮಿಷನ್ ಹೆಸರೂ ಕಾಪಿ ಆಗಿದೆಯಲ್ರೀ. ಮೂರಕ್ಕೂ ಒಂದೇ ಹೆಸರು! ಯಾರು ಯಾರನ್ನ ಕರೀಬೇಕು?"

"ಅದ್ರಲ್ಲೇನ್ ಮೇಡಂ? ನಮ್ ಬೀದೀಲಿ ಮನೆದೇವರ ಹೆಸರಿಟ್ಕೊಂಡಿರೋರು ಮನೆಗೊಬ್ರು ಇದಾರೆ. ಕೂಗಿದ್ರೆ ಎಲ್ರೂ ಬರ್ತಾರೆ."

"ಇಲ್ಲಿ ಒಬ್ರೂ ಬರಲ್ಲ."

ಆಮೇಲೆ ದೊಡ್ಡೋನು, ನಡುವಿನೋನು, ಚಿಕ್ಕೋನು ಅಂತ ಹೆಸರಿಟ್ಟೆ. ತಕ್ಷಣ ಮೂವರೂ ಮಾತಿಗೆ ಕೂತರು. ಖುಷಿಗೆ ಊರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ವಿವರಿಸಿದೆ.

ಅಪ್ಪ ಕೇಳಿಸಿಕೊಂಡು, "ಮೂರೂ ಒಂದೇ ಕೆಲ್ಸಕ್ಕಾ? ಇಂಗೆ ಒಬ್ರ ಮಕ ಒಬ್ರು ನೋಡ್ಕೊಂಡ್ ಕೂತ್ರೆ ಕೆಲ್ಸ ಮಾಡೋರ್ ಯಾರ್ಲಾ?" ಅಂದರು.

ಕಲ್ಲು

ಗುರುವಾರ ಬಾಸ್ ಬಂದು ಎಣಿಸಿದರು. ಮುಖ ಬಾಡಿತು. "ಮೂರಾ? ಅವತ್ತು ಹೊಳೀಲೇ ಇಲ್ಲ. ಮೂರು ಬೇಡಪ್ಪಾ."

ನಮ್ಮ ಕಡೆ ಮೂರು ಜನ ಸೇರಿ ಒಳ್ಳೆ ಕೆಲಸಕ್ಕೆ ಹೊರಡಲ್ಲ. ಹೊರಡಲೇಬೇಕಾದರೆ ಜೇಬಿಗೊಂದು ಕಲ್ಲು ಹಾಕ್ಕೊಂಡು ಅದನ್ನೇ ನಾಲ್ಕನೆಯವನು ಅಂತ ಲೆಕ್ಕ ಹಿಡೀತಾರೆ. ಬಾಸ್ ಎಷ್ಟೇ ಓದಿರಲಿ, ಒಳಗೆ ನಮ್ಮವರೇ. ಸ್ಟೋರಿನಲ್ಲಿದ್ದ ಹಳೇ ಸಿಪಿಯು ಒಂದನ್ನ ತಾವೇ ಹೊತ್ತು ತಂದು ಸಾಲಿಗಿಟ್ಟು, ಕುಂಕುಮ ಹಚ್ಚಿ, ಮೇಲೊಂದು ನಿಂಬೆಹಣ್ಣು ಕೂರಿಸಿ, ಪ್ಲಗ್ ಚುಚ್ಚಿದರು. ಲೈಟ್ ಹತ್ತಿತು. ನಾನು ಮುಚ್ಚಳ ತೆಗೆದು ನೋಡಿದೆ.

"ಸಾರ್, ಲೈಟ್ ಬಿಟ್ರೆ ಇದ್ರೊಳಗೆ ಏನೂ ಇಲ್ಲ."

"ಕಲ್ಲೊಳಗೆ ಏನಿರುತ್ತೋ?" ಅಂದರು ಬಾಸ್.

ಸಂಡಿಗೆ

ಶುಕ್ರವಾರ ಬೆಳಗ್ಗೆ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಬಸ್ಸು ಸಿಕ್ಕಿಕೊಂಡಿದ್ದಾಗ ಫೋನು ಕುಯ್ ಅಂದಿತು: ಚಿಕ್ಕೋನು ಉತ್ತರ ಕೊಡ್ತಿಲ್ಲ. ಬಸ್ಸು ತೆವಳ್ತಾನೇ ಇತ್ತು.

ಆಫೀಸಿಗೆ ಹೋಗಿ ಮಿಷನ್ ರೂಮಿನ ಬಾಗಿಲು ತೆಗೆದರೆ ಘಮ್ ಅಂತ ಜೀರಿಗೆ, ಹಸಿಮೆಣಸಿನಕಾಯಿ ವಾಸನೆ! ಮಿಷನ್ನುಗಳ ಬೆನ್ನಿಗೆ ಒತ್ತಿ ಬಿಳಿ ಪಂಚೆ ಹರಡಿದೆ, ಅದರ ಮೇಲೆ ಸಾಲಾಗಿ ಸಂಡಿಗೆ. ಮೇಲಿನ ಮನೆಯ ಓನರ್ ಆಂಟಿ ಒಂದೊಂದೇ ಮಗುಚಿ ಹಾಕ್ತಾ ಇದಾರೆ.

"ಬಿಸಿಲೇ ಇಲ್ಲ ಕಣಪ್ಪಾ ಈ ವಾರ. ನಿನ್ನೆ ಇಲ್ಲಿ ಬಂದ್ರೆ ಒಳ್ಳೆ ಬಿಸಿಗಾಳಿ ಬರ್ತಿತ್ತು."

ಪಂಚೆ ಚಿಕ್ಕೋನು ಗಾಳಿ ಬಿಡೋ ಜಾಗವನ್ನೇ ಮುಚ್ಚಿತ್ತು. ಕಾದು ಕಾದು ಸುಟ್ಟೇ ಹೋಗಿದ್ದ.

"ಆಂಟೀ, ಮಿಷನ್ ಸತ್ತೋಯ್ತು!"

"ಹೌದೇನೋ? ಅದಕ್ಕೇ ಈ ಕಡೇವು ಇನ್ನೂ ಹಸಿ ಇವೆ."

ಆಫ್

ಉಳಿದದ್ದು ಇಬ್ಬರು. ಇನ್ನೊಬ್ಬ ಹೋದರೆ ಮಿಕ್ಕವನು, ತನ್ನ ಮಾತು ಸರಿಯೋ ತಪ್ಪೋ ಕೇಳೋಕೆ ಜೊತೆಯಿಲ್ಲ ಅಂತ ಬಾಯಿ ಮುಚ್ಚಿಬಿಡ್ತಾನೆ. ಮ್ಯಾಪೂ ಹೋಗುತ್ತೆ, ನಾನೂ ಹೋಗ್ತೀನಿ. ಹೊಸ ಮಿಷನ್ ತಂದು ಡೇಟಾ ತುಂಬೋಕೆ ಹೊತ್ತಿಲ್ಲ. ಬಿಲ್ಡರ್ ಆಗಲೇ ಬಾಗಿಲಲ್ಲಿ ಚಪ್ಪಲಿ ಬಿಡ್ತಿದ್ದರು.

ಆದರೂ ಎದೆಯುಬ್ಬಿಸಿ ಹೇಳಿದೆ: "ನೋಡಿ ಸಾರ್, ಚಿಕ್ಕೋನು ಬೆಳಗ್ಗೆನೇ ಹೋಗಿದಾನೆ. ಮ್ಯಾಪಿಗೆ ಗೊತ್ತೇ ಆಗಿಲ್ಲ!"

"ಹೋಗಿರೋದನ್ನ ನೋಡೋಕೆ ಬಂದಿದೀನೇನಯ್ಯಾ? ನನ್ ಕೈಯಾರೆ ಆಫ್ ಮಾಡ್ಬೇಕು."

ಅವರ ಕೈ ದೊಡ್ಡೋನ ಸ್ವಿಚ್ಚಿನ ಹತ್ತಿರ ಹೋಯಿತು. ಬಾಸ್ ಕಣ್ಣು ಮುಚ್ಚಿದರು. ನನ್ನ ಕಣ್ಣೆದುರು ಟ್ರಾಕ್ಟರ್ ಬಂತು. ಅಷ್ಟರಲ್ಲಿ ಕೈ ನಿಂತಿತು.

"ತಡಿ. ನಾವೂ ಹಳ್ಳಿಯೋರೇ. ಪೂಜೆ ಮಾಡಿರೋದು ಯಾವುದೋ ಅದೇ ಮೇನು. ನನ್ ಹತ್ರಾನೇ ಆಟಾನಾ?" ಅಂದವರೇ ನಿಂಬೆಹಣ್ಣು ಕೂತಿದ್ದ ನಾಲ್ಕನೇದರ ಪ್ಲಗ್ ಕಿತ್ತೇಬಿಟ್ಟರು.

ಲೈಟ್ ಆರಿತು. ಪರದೆ ಮೇಲೆ ಅವರ ಲೇಔಟು ಒಂದು ಕೂದಲೂ ಕೊಂಕದೆ ನಿಂತಿತ್ತು. ಬಿಲ್ಡರ್ ಸೈಟ್ ಸೈಟೂ ತಡಕಾಡಿ ನೋಡಿ ನನ್ನ ಬೆನ್ನು ತಟ್ಟಿದರು. "ಭೇಷ್! ಕೆಲ್ಸ ನಿಮ್ಗೇ."

ಬಾಸ್ ಕಣ್ಣು ಬಿಟ್ಟು, ತುಟಿಯಲ್ಲೇ 'ಖಾಯಂ' ಅಂದರು. ನಾನಾಗಲೇ ಕಾಲರ್ ಎತ್ತಿದ್ದೆ.

ಹೊರಡುವಾಗ ಬಿಲ್ಡರ್ ತಿರುಗಿ ಬಂದು ಒಂದೊಂದೇ ಮಿಷನ್ ಮೇಲೆ ಕೈ ಇಟ್ಟು ನೋಡಿದರು. ಕೊನೆಗೆ ನಾಲ್ಕನೇದನ್ನ ಎಮ್ಮೆ ಬೆನ್ನು ಸವರೋ ಹಾಗೆ ಸವರಿದರು.

"ಆ ಇನ್ನೆರಡು ಬೇಡ ಕಣಯ್ಯಾ, ಹೆಂಚಿನಂಗೆ ಕಾದವೆ. ಇದು ನೋಡು, ಸದ್ದಿಲ್ಲ, ಬಿಸಿಯಿಲ್ಲ. ನಂಗೆ ಇಂಥವೇ ನಾಲ್ಕು ಜೋಡಿಸ್ಕೊಡು."