ಬುಧವಾರ ಬಂಗಡೆ ಬೇಡವೆಂದದ್ದು

ಈ ಕತೆಯನ್ನು ಹೇಳುವ ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಕಾರವಾರದ ಹಬ್ಬುವಾಡದಲ್ಲಿ ಇದನ್ನು ಇದಕ್ಕಿಂತ ಚೆನ್ನಾಗಿ ಹೇಳಬಲ್ಲವರು ಹತ್ತು ಮನೆಗೆ ಹತ್ತು ಮಂದಿ ಇದ್ದಾರೆ. ಅವರೆಲ್ಲ ಹೇಳಿಯೂ ಆಗಿದೆ. ಆದರೆ ಮಂಗೇಶನ ಕಡೆಯಿಂದ ಯಾರೂ ಹೇಳಲಿಲ್ಲವಲ್ಲ ಎಂದು ಈ ಸಾಹಸ. ತಪ್ಪಿದ್ದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಎಲ್ಲ ಶುರುವಾದದ್ದು ಒಂದು ಬುಧವಾರ ಬೆಳಿಗ್ಗೆ ಏಳಕ್ಕೆ, ಮೀನು ಮಾರುವ ಗಂಗಿ ಮಂಗೇಶನ ಅಂಗಳದಲ್ಲಿ ಬುಟ್ಟಿ ಇಳಿಸಿದಾಗ.

“ತಮಾ, ಬಂಗಡೆ ನೋಡು. ಇನ್ನೂ ಕಣ್ಣು ಹೊಡೀತದೆ.”

“ಇವತ್ತು ಬೇಡ ಗಂಗಕ್ಕಾ.”

ಬುಟ್ಟಿಗೆ ಹಾಕಿದ ಗಂಗಿಯ ಕೈ ಅಲ್ಲೇ ನಿಂತಿತು. ಸೋಮವಾರವಲ್ಲ, ಶನಿವಾರವಲ್ಲ. ಶ್ರಾವಣ ಕಳೆದು ಎರಡು ತಿಂಗಳಾಗಿದೆ.

“ಹೊಟ್ಟೆ ಸಮಾ ಇಲ್ವಾ?”

“ಹೊಟ್ಟೆಗೆ ಎಂತದೂ ಆಗ್ಲಿಲ್ಲ.”

“ಆಯಿ ಎಲ್ಲಿ?”

“ಸ್ನಾನಕ್ಕೆ ಹೋಗಿದ್ದಾಳೆ.”

“ತಲೆಗಾ?”

“ಹೌದು, ತಲೆಗೇ,” ಎಂದ ಮಂಗೇಶ. ಸುಳ್ಳು ಹೇಳಿ ಅಭ್ಯಾಸವಿಲ್ಲದವನು.

ಗಂಗಿಗೆ ಇನ್ನೇನೂ ಕೇಳಬೇಕಾಗಿರಲಿಲ್ಲ. ಈ ಕಡೆ ಮನೆಯಲ್ಲಿ ಸಾವಾದರೆ ಸೂತಕ ಕಳೆಯುವವರೆಗೆ ಮೀನು ಒಳಗೆ ಬರುವುದಿಲ್ಲ. ಬುಧವಾರ ಮೀನು ಬೇಡ, ಬೆಳ್ಳಂಬೆಳಿಗ್ಗೆ ತಲೆಗೆ ಸ್ನಾನ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಕೂಗದೆ, ಮುಂದಿನ ಮನೆಗೆ ನಡೆದಳು. ಗಂಗಿ ಕೂಗದೆ ಹೋದದ್ದೇ ಇಡೀ ಕೇರಿಗೆ ಸುದ್ದಿಯಾಯಿತು.

ನಿಜ ಸಂಗತಿ ಬೇರೆಯಿತ್ತು. ಅಂದು ಹನ್ನೊಂದು ಗಂಟೆಗೆ ಮಂಗೇಶ ತಾಯಿ ಬೊಮ್ಮಿಯೊಂದಿಗೆ ಅಂಕೋಲೆಗೆ ಹೆಣ್ಣು ನೋಡಲು ಹೋಗುವುದಿತ್ತು. ಶುಭಕಾರ್ಯದ ದಿನ ಮೀನು ಬೇಡವೆಂದು ತಾಯಿಯ ಹರಕೆ. ಮಂಗೇಶನಿಗೆ ಮೂವತ್ತೆಂಟು, ಕಚೇರಿಯೊಂದರಲ್ಲಿ ಗುಮಾಸ್ತ. ಹಿಂದಿನ ಮೂರು ಸಂಬಂಧಗಳೂ ಬಾಯಿಂದ ಬಾಯಿಗೆ ಹರಿದೇ ಹಾಳಾಗಿದ್ದವು. ಮೊದಲನೆಯವರಿಗೆ ಹುಡುಗ ಗೊರಕೆ ಹೊಡೆಯುತ್ತಾನೆಂದು ಯಾರೋ ತಿಳಿಸಿದರು. ಎರಡನೆಯವರಿಗೆ, ಹನ್ನೊಂದು ವರ್ಷದಿಂದ ಅವನಿಗೆ ಬಡ್ತಿಯಿಲ್ಲವೆಂದು. ಮೂರನೆಯವರ ಹತ್ತಿರ ನೆರೆಯವರೆಲ್ಲ ಅವನನ್ನು ಎಷ್ಟು ಹೊಗಳಿದರೆಂದರೆ, ಹೆಣ್ಣಿನ ಕಡೆಯವರಿಗೆ ಅನುಮಾನ ಬಂದುಬಿಟ್ಟಿತು. ಈ ಸಲ ಯಾರಿಗೂ ಹೇಳಬಾರದೆಂದು ತಾಯಿ ಮಗನಿಂದ ದೇವರ ಮುಂದೆ ಆಣೆ ಹಾಕಿಸಿಕೊಂಡಿದ್ದಳು.

ಎಂಟಕ್ಕೆ ಎದುರು ಮನೆಯ ಯಶೋದಾ ಪಾತ್ರೆ ತುಂಬ ಗಂಜಿ ತಂದಳು. “ಒಲೆ ಹಚ್ಚೂದು ಬೇಡ ಮಂಗೇಶಾ. ಯಾರು ಹೋದದ್ದು?”

“ಯಾರೂ ಹೋಗ್ಲಿಲ್ಲ ಅಕ್ಕಾ!”

“ಮತ್ತೆ ಮೀನು ಎಂತಕ್ಕೆ ಬೇಡ ಅಂದೆ?”

ಮಂಗೇಶ ಬಾಯಿ ತೆರೆದ, ಆಣೆ ನೆನಪಾಗಿ ಮುಚ್ಚಿದ. ನಿಜ ಹೇಳಿದರೆ ನಾಲ್ಕನೆಯ ಸಂಬಂಧವೂ ಊಟದ ಹೊತ್ತಿಗೆ ಮುರಿದಿರುತ್ತದೆ. ಅವನು ದಡದ ಮೀನಿನಂತೆ ಬಾಯಿ ತೆರೆದು ಮುಚ್ಚಿದ್ದು ನೋಡಿ ಯಶೋದಾಳ ಕರುಳು ಚುರಕ್ಕೆಂದಿತು. “ಮಾತೇ ಹೊರಡೂದಿಲ್ಲ ಪಾಪಕ್ಕೆ,” ಎಂದು ಗಂಜಿ ಇಟ್ಟು ಹೋದಳು.

ಅಷ್ಟರಲ್ಲಿ ಕಚೇರಿಯ ರೂಪೇಶನ ಫೋನು. “ಸಾಹೇಬ್ರಿಗೆ ನಾನೇ ಹೇಳಿದೆ. ಒಂದು ದಿವಸದ ರಜೆ ಎಲ್ಲಿ ಸಾಲ್ತದೆ? ಹನ್ನೊಂದು ದಿವಸ ಬರ್ದು ಇಟ್ಟಿದ್ದೇನೆ.”

“ನಮ್ಮನೇಲಿ ಯಾರೂ ಸತ್ತಿಲ್ಲ ಮಾರಾಯಾ.”

“ಹಂಗೇ ಅನ್ಸೂದು. ನಮ್ಮಜ್ಜ ಹೋದಾಗ ನನಗೂ ಹಂಗೇ ಅನ್ಸಿತ್ತು.”

ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ಇಪ್ಪತ್ತಾರು ಮಂದಿ ಆಗಲೇ ಕೈ ಮುಗಿದಿದ್ದರು. ಒಂಬತ್ತಕ್ಕೆ ಸದಾಶಿವಗಡದಿಂದ ಚಿಕ್ಕಪ್ಪನೇ ಫೋನು ಮಾಡಿದ.

“ಮಂಗೇಶಾ, ನಮ್ಮಲ್ಲಿ ಯಾರು ಹೋದದ್ದು?”

“ಯಾರೂ ಇಲ್ಲ ಚಿಕ್ಕಪ್ಪಾ.”

“ಮತ್ತೆ ಇಲ್ಲಿ ಇಬ್ರು ಹಾರ ತಂದು ನಿಂತಿದ್ದಾರೆ. ಬಾಗಿಲು ತೆಗ್ದದ್ದು ನಾನೇ. ಅವ್ರಿಗೆ ಬೇಜಾರಾಯ್ತು.”

ತಾಯಿ ಮಗ ಇಬ್ಬರೂ ಹಿತ್ತಲ ಬಾಗಿಲಿನಿಂದ ಹೊರಬಿದ್ದರು. ಬೊಮ್ಮಿ ರೇಷ್ಮೆ ಸೀರೆಯ ಮೇಲೆ ಹಳೆಯ ಶಾಲು ಹೊದ್ದಿದ್ದಳು. ಬಸ್ಸಿನಲ್ಲಿ ಗುರುತಿನವರೊಬ್ಬರು ಎದ್ದು ಜಾಗ ಕೊಟ್ಟರು. ಬೊಮ್ಮಿ ಅಳದೆ ಕುಳಿತದ್ದನ್ನು ಕಂಡು, “ಪಾಪ, ಅತ್ತೂ ಅತ್ತೂ ಕಣ್ಣೀರೇ ಖಾಲಿಯಾಗಿದೆ,” ಎಂದು ಪಕ್ಕದವರಿಗೆ ವಿವರಿಸಿದರು. ದಾರಿಯಲ್ಲಿ ಅವರ್ಸಾ ಊರು ಬರುವ ಹೊತ್ತಿಗೆ ಇಡೀ ಬಸ್ಸು ಮೌನವಾಗಿತ್ತು. ಕಂಡಕ್ಟರ್ ಸೀಟಿಯನ್ನೂ ಮೆಲ್ಲಗೆ ಊದಿದ.

ಅಂಕೋಲೆಯಲ್ಲಿ ಇಳಿದಾಗ ಮಂಗೇಶನಿಗೆ ಉಸಿರು ಬಂತು. ಇಲ್ಲಿ ತನ್ನನ್ನು ಯಾರೂ ಅರಿಯರು. ಹೆಣ್ಣು ಕಲಾವತಿ, ಅವಳ ತಂದೆ ರಾಮಾ ಮಾಸ್ತರರು, ನಿವೃತ್ತ ಶಿಕ್ಷಕರು. ಫೋಟೋದಲ್ಲಿ ಕಲಾವತಿ ನಗು ತಡೆದುಕೊಂಡಂತೆ ಕಂಡಿದ್ದಳು. ಯಾವುದಕ್ಕೆ ನಗು ಬಂದಿತ್ತೆಂದು ಕೇಳಬೇಕೆಂದು ಮಂಗೇಶ ಎಂಟು ದಿನದಿಂದ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ.

ತಿರುವಿನಲ್ಲಿ ಮೀನು ಮಾರುತ್ತ ಕೂತವಳನ್ನು ಮನೆ ಕೇಳಿದ.

“ಅದೇ ನೀಲಿ ಗೇಟು. ಮಾಸ್ತರ್ರ ಮನೇಲಿ ಇವತ್ತು ಎಂತದೋ ಆಗಿದೆ ಕಾಣ್ತದೆ. ಮೂರು ಸಲ ಕೂಗಿದೆ, ಮೀನು ತಕಳ್ಲೇ ಇಲ್ಲ.”

ಮಂಗೇಶ ತಿರುಗಿ ಗೇಟಿನತ್ತ ನೋಡಿದ. ಮೀನು ತಗೊಳ್ಳಲಿಲ್ಲ! ಬುಧವಾರ! ನೀಲಿ ಗೇಟಿನ ಮುಂದೆ ಇಪ್ಪತ್ತು ಜೋಡಿ ಚಪ್ಪಲಿ. ಅಂಗಳದಲ್ಲಿ ಸಾಲು ಕುರ್ಚಿ. ಒಳಗಿಂದ ಮಾತಿಲ್ಲ. ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು.

“ಅಯ್ಯೋ ದೇವರೇ,” ಎಂದಳು ಬೊಮ್ಮಿ. “ಕೇಳಿ ಬಾ, ಯಾರು ಅಂತ.”

“ಹೆಂಗೆ ಕೇಳೂದು ಆಯಿ? ಬೆಳಿಗ್ಗೆಯಿಂದ ನಮ್ಮನ್ನ ಕೇಳಿದ್ರಲ್ಲ, ಯಾರೂ ಸಾಯದಿದ್ರೂ ಎಷ್ಟು ಕಷ್ಟ ಆಯ್ತು. ಅವ್ರಲ್ಲಿ ನಿಜವಾಗಿ ಯಾರೋ ಹೋಗಿದ್ದಾರೆ.”

ಇಂಥ ಮನೆಗೆ ಹೆಣ್ಣು ನೋಡಲು ಬಂದೆವೆಂದು ನಿಲ್ಲುವುದು ಅವನಿಂದಾಗುವ ಕೆಲಸವಲ್ಲ. ತಿರುವಿನಲ್ಲೇ ನಿಂತು ಆ ಮನೆಗೆ ಕೈ ಮುಗಿದ. ತಾಯಿ ಮಗ ಬಂದ ಬಸ್ಸಿನಲ್ಲೇ ಹಿಂದಿರುಗಿದರು. ಈ ಸಲ ಬೊಮ್ಮಿ ನಿಜವಾಗಿಯೂ ಅತ್ತಳು.

ಸಂಜೆ ಆರಕ್ಕೆ ಮಂಗೇಶನ ಗೇಟಿನ ಹೊರಗೆ ರಿಕ್ಷಾ ನಿಂತಿತು. ರಾಮಾ ಮಾಸ್ತರರು ಇಳಿದರು. ಆದರೆ ಒಳಗೆ ಬರಲಿಲ್ಲ. ಸೂತಕದ ಮನೆ ತುಳಿಯಲು ಅಂದು ಅವರಿಗೆ ಅನುಕೂಲವಿರಲಿಲ್ಲ. ಮಂಗೇಶನೂ ಜಗಲಿ ಇಳಿಯಲಿಲ್ಲ. ಸೂತಕದವರನ್ನು ಒಳಗೆ ಕರೆದು ಮುಜುಗರ ಮಾಡಬಾರದೆಂದು ಅವನ ಲೆಕ್ಕ. ನಡುವೆ ಉದ್ದನೆಯ ಅಂಗಳ. ಹೀಗಾಗಿ ಇಬ್ಬರೂ ಕೂಗಿ ಮಾತಾಡಬೇಕಾಯಿತು. ಹಬ್ಬುವಾಡ ಒಲೆಯ ಮೇಲಿಟ್ಟದ್ದನ್ನು ಬಿಟ್ಟು ಕಾಂಪೌಂಡಿಗೆ ಬಂತು.

“ತಮ್ಮಾ, ಧೈರ್ಯ ತಂದ್ಕೊಳ್ಳಿ!”

“ನೀವೂ ಧೈರ್ಯ ತಂದ್ಕೊಳ್ಳಿ ಮಾಸ್ತರೇ!”

“ನಮಗೆ ಎಂತದು ಬಿಡಿ! ನಿಮ್ಮ ದುಃಖ ದೊಡ್ಡದು!”

“ಛೇ, ನಿಮ್ಮದರ ಮುಂದೆ ನಮ್ಮದೆಂತದು!”

ಇದು ಇನ್ನೂ ಎಷ್ಟು ಹೊತ್ತು ನಡೆಯುತ್ತಿತ್ತೋ, ಬೊಮ್ಮಿಗೆ ತಾಳ್ಮೆ ತಪ್ಪಿತು. “ಅಲ್ಲ ಮಾಸ್ತರೇ, ನಿಮ್ಮಲ್ಲಿ ಹೋದದ್ದು ಯಾರು?”

“ನಮ್ಮಲ್ಲಿ? ನಮ್ಮಲ್ಲಿ ಯಾರೂ ಹೋಗ್ಲಿಲ್ಲ ಅಕ್ಕಾ. ನಿಮ್ಮಲ್ಲಿ ಯಾರು?”

“ನಮ್ಮಲ್ಲೂ ಯಾರೂ ಹೋಗ್ಲಿಲ್ಲ!”

“ಮತ್ತೆ ಮೀನು?” ಎಂದು ಎರಡೂ ಕಡೆಯಿಂದ ಒಟ್ಟಿಗೇ ಬಂತು.

“ಶುಭಕಾರ್ಯ ಅಂತ ಬಿಟ್ಟದ್ದು!”

“ನಾವೂ ಅದಕ್ಕೇ ಬಿಟ್ಟದ್ದು!”

ಮಂಗೇಶ ನಕ್ಕುಬಿಟ್ಟ. ಇಡೀ ದಿನದ ಭಾರ ಇಳಿದು, ಅಂಗಳ ದಾಟಿ ಓಡಿ ಗೇಟು ತೆರೆದ. “ಹಂಗಾದ್ರೆ ಎಂತದೂ ಕೆಟ್ಟಿಲ್ಲ! ಬನ್ನಿ ಒಳಗೆ. ನಾಳೆಯೇ ನಾವು ಬರ್ತೇವೆ.”

ಮಾಸ್ತರರು ಒಳಗೆ ಬರಲಿಲ್ಲ. ಛತ್ರಿಯ ಹಿಡಿಯನ್ನು ತಿರುವುತ್ತ ನಿಂತರು.

“ತಮ್ಮಾ, ನಿಮ್ಮಲ್ಲಿ ಸೂತಕ ಅಂತ ಎಂಟೂವರೆಗೇ ನಮಗೆ ತಿಳೀತು. ನೆಂಟರೆಲ್ಲ ಸೇರಿಬಿಟ್ಟಿದ್ರು. ಶಿರಾ ಆಗಿತ್ತು. ಆವಾಗ ಸದಾಶಿವಗಡದ ಪಕ್ಕದ ಚಿತ್ತಾಕುಲದ ನನ್ನ ತಂಗಿ, ಕಲಾವತೀನ ನನ್ನ ಮಗ ನಿತೇಶನಿಗೇ ಕೊಡು ಅಂತ ಹಟ ಹಿಡಿದ್ಳು. ಅವ್ನನ್ನ ಕುರ್ಚಿ ಹಾಕೂಕೆ ಅಂತ ಕರ್ಸಿದ್ದೆ. ಹನ್ನೊಂದು ಗಂಟೆಗೆ ನಿಶ್ಚಯದ ತಾಂಬೂಲ ಬದಲಾಯ್ಸಿಬಿಟ್ವು. ನೀವು ದುಃಖದಲ್ಲಿದ್ದೀರಿ, ಬೇರೆಯವರಿಂದ ತಿಳಿಯೂದು ಬೇಡ ಅಂತ ನಾನೇ ಬಂದೆ.”

ಅಂದರೆ ಮಂಗೇಶ ತಿರುವಿನಲ್ಲಿ ನಿಂತು ಕೈ ಮುಗಿದದ್ದು ಆ ತಾಂಬೂಲಕ್ಕೆ.

“ಒಳ್ಳೇದಾಯ್ತು ಮಾಸ್ತರೇ,” ಎಂದ ಅವನು. ಬೇಲಿಯ ಆಚೆ ಅಷ್ಟೂ ಜನ ನಿಂತಿದ್ದರು. ಅಪರೂಪಕ್ಕೆ ಯಾರೂ ಏನೂ ಕೇಳಲಿಲ್ಲ.

ಎಂಟೂವರೆಗೇ ಅಂಕೋಲೆಗೆ ಸುದ್ದಿ ಮುಟ್ಟಿಸಿದವರು ಯಾರೆಂಬುದು ಆಮೇಲೆ ಗೊತ್ತಾಯಿತು, ಅದೇನೂ ಕಷ್ಟವಾಗಲಿಲ್ಲ. ನಿತೇಶ ಕುರ್ಚಿ ಎಷ್ಟು ಹಾಕಿದ್ದನೆಂಬುದೂ ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಆ ಬೆಳಿಗ್ಗೆ ಕಲಾವತಿಯನ್ನು ಯಾರಾದರೂ ಒಂದು ಮಾತು ಕೇಳಿದರೇ, ಕೇಳಿದ್ದರೆ ಅವಳು ಏನೆಂದಳು, ಅದು ಗೊತ್ತಿಲ್ಲ. ಬಹಳ ಜನರನ್ನು ವಿಚಾರಿಸಿದ್ದಾಯಿತು. ಯಾರಿಗೂ ಗೊತ್ತಿಲ್ಲ.